ಅವರೆ ಬೀಜದ ಪ್ರಬಂಧಕ್ಕೆ ಬೀಗ

ಆಷಾಢದ ಒಂದು ಮಧ್ಯಾಹ್ನ ನಾನು ಹುಣಸೂರಿನ ನಮ್ಮ ಕಾಲೇಜಿನಲ್ಲಿ ಟೆಸ್ಟ್ ಪೇಪರು ತಿದ್ದುತ್ತ ಕೂತಿದ್ದೆ. ಸಸ್ಯಶಾಸ್ತ್ರ ವಿಭಾಗದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ವಯಸ್ಸು ಮೂವತ್ತೈದರ ಆಸುಪಾಸು, ಕೈಯಲ್ಲೊಂದು ಬಟ್ಟೆ ಚೀಲ. ನನ್ನ ಹೆಸರನ್ನು ಇನಿಷಿಯಲ್ಲು, ಡಿಗ್ರಿ ಸಮೇತ ಒಪ್ಪಿಸಿ, "ಇವ್ರು ನೀವೇನಾ?" ಎಂದರು. ಹೌದೆಂದೆ. ಆಕೆ ಒಳಗೆ ಬಂದು ಚೀಲದ ಬಾಯಿ ಬಿಚ್ಚಿ, ನಾನು ತಿದ್ದುತ್ತಿದ್ದ ಪೇಪರುಗಳ ಮೇಲೆಯೇ ಒಂದು ಬೊಗಸೆ ಅವರೆಕಾಳು ಸುರಿದರು. ಕಾಳಿನ ಮೇಲೆಲ್ಲ ಬೂದು ಬಣ್ಣದ ಬೂಸ್ಟು. ಬೂಸ್ಟು ಹಿಡಿಯದೆ ಉಳಿದ ಕಾಳುಗಳಲ್ಲಿ ಹುಳ ಕೊರೆದ ತೂತು.

"ನೀವು ಬರ್ದಿದ್ರಲ್ಲ ಮೇಡಮ್, ಅಂಗೇ ಮಾಡ್ದೋ ಕಣ್ರೀ. ನೋಡಿ, ಏನಾಯ್ತು ಅಂತ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲು ಬಂದದ್ದು ಅದೇ. ಇವರು ಏನೋ ಎಡವಟ್ಟು ಮಾಡಿಕೊಂಡು ನನ್ನ ತಲೆಗೆ ಕಟ್ಟಲು ಬಂದಿದ್ದಾರೆ ಎಂದುಕೊಂಡು, "ಬೂದಿ ಹಾಕೋದಕ್ಕೆ ಮುಂಚೆ ಸರಿಯಾಗಿ ಒಣಗಿಸಿದ್ರಾ?" ಎಂದು ಕೇಳಿದೆ, ಮೇಷ್ಟರ ಗಂಟಲಿನಲ್ಲಿ.

"ಒಣಗ್ಸಿ ಅಂತ ಎಲ್ ಬರ್ದಿದ್ದೀರಿ? ತೋರ್ಸಿ."

ಆಕೆ ಫೋನು ನನ್ನ ಮುಂದೆ ಹಿಡಿದರು. ಪರದೆಯ ಮೇಲೆ ನನ್ನ ಪ್ರಬಂಧದ ಶೀರ್ಷಿಕೆ, ಅದರ ಕೆಳಗೆ ನನ್ನ ಹೆಸರು, ಅದರ ಕೆಳಗೆ ಹತ್ತು ಸಾಲಿನ ಸಾರಾಂಶ. ಸಾರಾಂಶದ ಕೆಳಗೆ ಒಂದು ಸಣ್ಣ ಬೀಗದ ಚಿತ್ರ. ಮುಂದೆ ಓದಬೇಕಾದರೆ ಚಂದಾದಾರರಾಗಿ, ಇಲ್ಲವೇ ಹಣ ಕಟ್ಟಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಆ ಹತ್ತು ಸಾಲಿನಲ್ಲಿ ಎಲ್ಲ ಇತ್ತು. ಕಾಳಿಗೆ ಎಷ್ಟು ಬೂದಿ ಬೆರೆಸಬೇಕು, ಲಕ್ಕಿ ಸೊಪ್ಪನ್ನು ಹೇಗೆ ಪದರ ಪದರವಾಗಿ ಹಾಸಬೇಕು, ಮಡಕೆಯ ಬಾಯಿಗೆ ಸಗಣಿ ಹೇಗೆ ಬಳಿಯಬೇಕು, ಹೀಗೆ ಇಟ್ಟರೆ ಮುಂದಿನ ಬಿತ್ತನೆಯವರೆಗೂ ಹುಳ ಬೀಳುವುದಿಲ್ಲ ಎಂಬುದು. ಮೊದಲು ಬಿಸಿಲಿಗೆ ಹಾಕಿ ಒಣಗಿಸಬೇಕು ಎನ್ನುವ ಮಾತು ಮಾತ್ರ ಇರಲಿಲ್ಲ. ಅದು ಒಳಗೆ, ಮೂರನೇ ಭಾಗದಲ್ಲಿ, ಬೀಗದ ಆಚೆ ಇತ್ತು. ಸಾರಾಂಶಕ್ಕೆ ಇಷ್ಟೇ ಪದ ಎಂದು ಜರ್ನಲ್‌ನವರು ಮಿತಿ ಹಾಕಿದ್ದರಿಂದ ಆ ಒಂದು ವಾಕ್ಯವನ್ನು ನಾನೇ ತೆಗೆದಿದ್ದೆ. ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ.

ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟೆ. ಆಕೆ ಬಿ.ಎಸ್ಸಿ. ಎರಡನೇ ವರ್ಷದವರೆಗೆ ಓದಿ ಮದುವೆಯಾಗಿ ಬಂದವರು. ಅವರದು ಕೆ.ಆರ್. ನಗರದ ಕಡೆಯ ಕಾಲುವೆ ನೀರಿನ ಊರು. ಗದ್ದೆಯಲ್ಲಿ ಭತ್ತ, ಬದುವಿನ ಮೇಲೆ ಅವರೆ. ಆ ಅವರೆ ಸಂತೆಯಲ್ಲಿ ಸಿಗುವ ಜಾತಿಯಲ್ಲ. ಕಾಯಿಯ ಅಂಚು ನೇರಳೆ, ಸೊಗಡು ಎಂದರೆ ಬೇಯಿಸಿದ ಮನೆ ಮೂರು ಬೀದಿಗೆ ಗೊತ್ತಾಗಬೇಕು, ಅಂಥದ್ದು. ಹನ್ನೊಂದು ಮನೆಯ ಹೆಂಗಸರು ಸೇರಿ ಅದರ ಬೀಜ ಉಳಿಸಿಕೊಂಡು ಬಂದಿದ್ದರು. ಕಾಳಿನೊಳಗೆ ವಿಷದ ಗುಳಿಗೆ ಹಾಕಿಡುವುದನ್ನು ಬಿಡೋಣ ಎಂದು ಹಟ ಹಿಡಿದವರು ಈಕೆಯೇ. ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ್ದು ನನ್ನ ಸಾರಾಂಶ. ಅದನ್ನೇ ಕನ್ನಡಕ್ಕೆ ಮಾಡಿ ಎಲ್ಲರಿಗೂ ಓದಿ ಹೇಳಿದ್ದರು. ಬಿತ್ತನೆಗೆಂದು ಮಡಕೆ ಒಡೆದು ನೋಡಿದರೆ ಹತ್ತು ಮನೆಯಲ್ಲೂ ಇದೇ ಗತಿ.

"ಒಬ್ರ್ ಮನೇಲಿ ಮಾತ್ರ ಉಳ್ಕತು. ಆವಮ್ಮ ನನ್ ಮಾತ್ ಕೇಳ್ದೆ ಒಲೆ ಮ್ಯಾಲೆ ಹೊಗೆಗೆ ಗಂಟ್ ಕಟ್ಟಿ ನೇತಾಕಿದ್ರು. ಎಲ್ಡು ಸೇರು. ಈಗ ಎಲ್ರೂವೆ ಅದ್ನೇ ಹಂಚ್ಕಂಡು ಬಿತ್ತಿದ್ದೀವಿ. ಮಿಕ್ಕ ಮನೆಗಳಲ್ಲಿ ಗ್ಯಾಸು, ಹೊಗೆ ಎಲ್ಲಿಂದ ತರ್ಲಿ? ಈ ಸಲ ಬಂದ ಬೀಜಾನೂ ಕೆಟ್ರೆ ಆ ಅವರೆ ಮುಗೀತು ಮೇಡಮ್. ಇನ್ನೆಲ್ಲೂ ಇಲ್ಲ."

ಹಾಗಾದರೆ ಮೊದಲು ಮೂರು ದಿನ ಬಿಸಿಲಿಗೆ ಒಣಗಿಸಿ, ಆಮೇಲೆ ಬೂದಿ ಬೆರೆಸಿ ಎಂದು ನಾನು ಬಾಯಲ್ಲೇ ಹೇಳಿದೆ. ಆಕೆ ತಲೆಯಾಡಿಸಲಿಲ್ಲ.

"ಬಾಯ್ಮಾತು ಬ್ಯಾಡ. ಒಂದ್ಸಲ ನಾನು ಬಾಯಲ್ಲಿ ಹೇಳಿ ಹತ್ ಮನೆ ಬೀಜ ಹಾಳಾಯ್ತು. ನಂಗೆ ಪೂರ್ತಿ ಬರ್ದಿರೋದು ಬೇಕು, ಒಂದಕ್ಸರ ಬುಡ್ದಂಗೆ. ಎಲ್ರುನ್ನೂ ಕೂರ್ಸ್ಕಂಡು ಓದ್ಬೇಕು."

ಅದಕ್ಕೇನಂತೆ, ಈಗಲೇ ಪ್ರಿಂಟ್ ತೆಗೆದುಕೊಡುತ್ತೇನೆ ಎಂದು ಕಂಪ್ಯೂಟರಿಗೆ ತಿರುಗಿದೆ. ಶೀರ್ಷಿಕೆ ಬಂತು, ನನ್ನ ಹೆಸರು ಬಂತು, ಸಾರಾಂಶ ಬಂತು. ಅದೇ ಬೀಗವೂ ಬಂತು. ಕಾಲೇಜಿನ ಲಾಗಿನ್ ಹಾಕಿದೆ, ಆ ಜರ್ನಲ್ಲು ನಮಗೆ ಕೊಟ್ಟ ಪಟ್ಟಿಯಲ್ಲಿರಲಿಲ್ಲ. ಆಕೆ ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದರು.

"ಇದು ನಿಮ್ದೇ ಅಲ್ವಾ?"

ನನ್ನ ಮುಖ ಬಿಸಿಯಾಯಿತು. ಅವರೆ ಕೊಯ್ಲಿಗೆ ಮುಂಚೆ ಪೂರ್ತಿ ಬರಹ ನಿಮ್ಮ ಕೈಗೆ ಬರುತ್ತದೆ, ಬರದಿದ್ದರೆ ಕೇಳಿ ಎಂದು ಹೇಳಿ ಕಳಿಸಿದೆ. ಹೇಗೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಆ ಪ್ರಬಂಧ ಅಚ್ಚಾಗಿ ಆಗ ಆರು ವರ್ಷ. ಅಚ್ಚಾದ ದಿನ ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದ್ದೆ. ಅದಕ್ಕೂ ಮುಂಚೆ ಜರ್ನಲ್‌ನವರು ಒಂದು ಫಾರಂ ಕಳಿಸಿದ್ದರು. ಏನಿದೆ ಎಂದು ನೋಡದೆ ಸಹಿ ಮಾಡಿ ವಾಪಸ್ ಮಾಡಿದೆ. ಮಗುವಿನ ಟಿ.ಸಿ. ಫಾರಂ ತುಂಬುವಾಗಲೂ ಎರಡು ಸಲ ಓದುವವಳು ನಾನು. ಬಡ್ತಿಗೆ ಅಂಕ ಬೇಕಿತ್ತು, ಹೆಸರಾಂತ ಜರ್ನಲ್ಲು, ಅವರು ಒಪ್ಪಿಕೊಂಡದ್ದೇ ದೊಡ್ಡದು ಎಂಬ ದೀನ ಭಾವ. ಮೂರು ಹಂಗಾಮು ನಾನು ಬಿಸಿಲಲ್ಲಿ ಅಲೆದು, ಎಚ್.ಡಿ. ಕೋಟೆ ತಾಲ್ಲೂಕಿನ ಹೆಂಗಸರು ತಮ್ಮ ಅಟ್ಟ ಹತ್ತಿಸಿ ಮಡಕೆ ತೋರಿಸಿ ಕಲಿಸಿದ್ದನ್ನೆಲ್ಲ ಒಂದು ಸಹಿಯಲ್ಲಿ ಬರೆದುಕೊಟ್ಟಿದ್ದೆ. ನನ್ನ ಹತ್ತಿರ ಉಳಿದಿದ್ದ ಹಳೆಯ ಕಡತವನ್ನಾದರೂ ಇನ್ನೊಬ್ಬರಿಗೆ ಕೊಡಬಹುದೋ ಇಲ್ಲವೋ ತಿಳಿಯದು. ನನಗೇ ಗೊತ್ತಿರಲಿಲ್ಲ ಎನ್ನುವುದು ಸಮಜಾಯಿಷಿ ಅಲ್ಲ. ಗೊತ್ತುಮಾಡಿಕೊಳ್ಳಲಿಲ್ಲ, ಅಷ್ಟೇ.

ಮರುದಿನ ಸಂಪಾದಕರಿಗೆ ಇ-ಮೇಲ್ ಬರೆದೆ. ನಿಮ್ಮ ಕೋರಿಕೆ ನಮಗೆ ಮುಖ್ಯ ಎಂದು ಯಂತ್ರವೊಂದು ಉತ್ತರ ಕೊಟ್ಟಿತು, ಅನುಮತಿ ಕೊಳ್ಳುವ ಪುಟಕ್ಕೆ ದಾರಿ ತೋರಿಸಿ. ಪಕ್ಕದ ವಿಭಾಗದ ಯುವ ಸಹೋದ್ಯೋಗಿ ಬಾಗಿಲು ಮುಂದೆ ಮಾಡಿ, "ಮೇಡಮ್, ಬೀಗ ಇಲ್ದೆ ಎಲ್ಲ ಪೇಪರೂ ಸಿಗೋ ಜಾಗ ಒಂದಿದೆ. ಎರಡು ನಿಮಿಷದ ಕೆಲಸ. ನಾನು ಹೇಳಿದೆ ಅನ್ಬೇಡಿ" ಎಂದ. ಆಸೆಯಾಯಿತು. ಆದರೆ ನಾನೇ ಬರೆದದ್ದನ್ನು ನಾನೇ ಕದಿಯಬೇಕು ಎನ್ನುವುದು ಯಾಕೋ ಒಪ್ಪಿಗೆಯಾಗಲಿಲ್ಲ. ಕದ್ದರೆ ನನ್ನೊಬ್ಬಳ ಕೆಲಸ ಆಗುತ್ತದೆ. ನಾಳೆ ಪಿರಿಯಾಪಟ್ಟಣದಲ್ಲಿ ಇನ್ನೊಬ್ಬರು ಅದೇ ಹತ್ತು ಸಾಲು ಓದಿ ಅದೇ ಮಡಕೆ ಮುಚ್ಚುತ್ತಾರೆ. ಬೇಡ ಬಿಡಪ್ಪಾ ಎಂದೆ.

ಇನ್ನೊಬ್ಬರು ಹಿರಿಯರು, ನಿವೃತ್ತಿಗೆ ಹತ್ತಿರ ಇದ್ದವರು. ಎಲ್ಲರೂ ಓದುವಂತೆ ತೆರೆದಿಡುವ ಜರ್ನಲ್‌ಗಳೂ ಇವೆಯಂತಲ್ಲ ಎಂದು ನಾನು ಹೇಳಿದರೆ ಕೈಮುಗಿದರು. "ಓಪನ್ ಅಂದ್ರೆ ಅದೇ ತಾನೇ, ದುಡ್ಡು ಕಟ್ಟಿ ಮೂರು ದಿನದಲ್ಲಿ ಅಚ್ಚು ಹಾಕಿಸೋದು? ನಮ್ಮಲ್ಲಿ ಅರ್ಧ ಜನ ಅಂಥದ್ರಲ್ಲೇ ಹಾಕ್ಸಿ ಬಡ್ತಿ ತಗೊಂಡ್ರು. ನೀವೂ ಆ ಸಾಲಿಗೆ ಸೇರ್ಬೇಡಿ." ಅವರ ಮಾತಿನಲ್ಲಿ ಸುಳ್ಳಿಲ್ಲ. ಯಾರೂ ಓದದೆ, ಯಾರೂ ತಿದ್ದದೆ, ಬಂದದ್ದನ್ನೆಲ್ಲ ಅಚ್ಚು ಹಾಕುವ ಅಂಗಡಿಗಳು ಊರಿಗೊಂದಿವೆ. ಆದರೆ ಕಳ್ಳ ಅಂಗಡಿ ಇದೆ ಎಂದು ಸಂತೆಯನ್ನೇ ಮುಚ್ಚಿಸುತ್ತಾರೆಯೇ? ಆ ದಿನ ಅವರ ಜೊತೆ ಜೋರಾಗಿಯೇ ಜಗಳವಾಡಿದೆ. ಜಗಳದಲ್ಲಿ ಗೆಲ್ಲಬೇಕಾದರೆ ನನಗೆ ವಿಷಯ ಗೊತ್ತಿರಬೇಕಿತ್ತು. ಮನೆಗೆ ಹೋಗಿ ಆರು ವರ್ಷದ ಹಿಂದೆ ಸಹಿ ಮಾಡಿದ ಫಾರಂ ಅನ್ನು ಮೊದಲ ಸಲ ಪೂರ್ತಿ ಓದಿದೆ.

ಉತ್ತರ ನಾಲ್ಕನೇ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ ಇತ್ತು. ಅವರು ಅಚ್ಚುಕಟ್ಟಾಗಿ ಜೋಡಿಸಿದ ಪುಟಗಳನ್ನು ನಾನು ಹಂಚುವಂತಿಲ್ಲ. ಆದರೆ ಅವರು ಒಪ್ಪಿಕೊಂಡ ನನ್ನ ಸ್ವಂತ ಬರಹ, ಅಂದರೆ ನಾನು ಕೊನೆಯ ಸಲ ತಿದ್ದಿ ಕಳಿಸಿದ ಕಡತ, ಅದನ್ನು ಒಂದು ಗಡುವು ಕಳೆದ ಮೇಲೆ ನನ್ನ ಸಂಸ್ಥೆಯ ಜಾಲತಾಣದಲ್ಲಿ ಎಲ್ಲರಿಗೂ ತೆರೆದು ಇಡಬಹುದು. ಗಡುವು ಮುಗಿದು ವರ್ಷಗಳೇ ಆಗಿದ್ದವು. ಬೀಗದ ಕೈ ಅಷ್ಟು ದಿನವೂ ನನ್ನ ಇ-ಮೇಲ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ನಮ್ಮಲ್ಲಿ ಎಷ್ಟು ಜನ ಅಧ್ಯಾಪಕರಿಗೆ ಇದು ಗೊತ್ತು ಎಂದು ಆಮೇಲೆ ವಿಚಾರಿಸಿದೆ. ನಮ್ಮ ಕಾಲೇಜಿನಲ್ಲಂತೂ ಒಬ್ಬರಿಗೂ ಗೊತ್ತಿರಲಿಲ್ಲ.

ಹಾಕಿಬಿಡಬಹುದಿತ್ತು. ಆದರೆ ಆ ವಿದ್ಯೆ ನನ್ನದಲ್ಲ. ಅದನ್ನು ನನಗೆ ಕಲಿಸಿದವಳು, ನಾನು ಅವ್ವ ಎಂದು ಕರೆಯುವ ಮುದುಕಿ, ಹಂಪಾಪುರ ಹೋಬಳಿಯ ಒಂದು ಹಳ್ಳಿಯಲ್ಲಿದ್ದಾಳೆ. ಕೇಳದೆ ಹಾಕುವುದು ಸರಿಯಲ್ಲ ಎನಿಸಿ, ದಸರಾ ರಜೆಯಲ್ಲಿ ಕೋಟೆ ಬಸ್ಸು ಹತ್ತಿದೆ.

ಅವ್ವನ ವಿಚಾರ ಸ್ವಲ್ಪ ಹೇಳಬೇಕು. ಎಪ್ಪತ್ತು ದಾಟಿದ ಹೆಂಗಸು, ಒಂದು ಹಲ್ಲೂ ಬಿದ್ದಿಲ್ಲ, ಆ ಬಗ್ಗೆ ಜಂಬವೂ ಕಮ್ಮಿಯಿಲ್ಲ. ಮೊದಲ ಸಲ ನಾನು ನೋಟ್‌ಬುಕ್ಕು ಹಿಡಿದು ಹೋದಾಗ ಕೆಲಸ ಕೆಡಿಸಿಕೊಂಡು ಮಾತಾಡಲು ಒಪ್ಪಿರಲಿಲ್ಲ. "ಮುಯ್ಯಿಗೆ ಬತ್ತೀಯಾ?" ಎಂದು ಕೇಳಿದ್ದಳು. ಮುಯ್ಯಿ ಎಂದರೆ ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿ ಇಲ್ಲ, ಆಳಿಗೆ ಆಳು. ನನಗೆ ಹೊಲ ಇರಲಿಲ್ಲ, ಪ್ರಶ್ನೆಗಳಿದ್ದವು. ಒಂದು ದಿನ ನಾನು ಕಳೆ ಕಿತ್ತರೆ, ಕಾಯಿ ಬಿಡಿಸಿದರೆ, ಒಂದು ದಿನ ಆಕೆ ನನ್ನ ಪ್ರಶ್ನೆಗೆ ಉತ್ತರ ಹೇಳುವುದು. ಮೂರು ಹಂಗಾಮೂ ಹಾಗೇ ನಡೆಯಿತು. ಒಂದು ಸಲ ಮಧ್ಯಾಹ್ನವೇ ತಲೆನೋವೆಂದು ಎದ್ದುಬಂದಿದ್ದಕ್ಕೆ, ಮುಂದಿನ ವಾರ ಉತ್ತರವನ್ನೂ ಅರ್ಧಕ್ಕೇ ನಿಲ್ಲಿಸಿ ರೊಟ್ಟಿ ತಟ್ಟಲು ಹೋಗಿದ್ದಳು.

ಆ ದಿನ ಅವ್ವ ರಾಗಿ ಹೊಲದ ಸಾಲಿನಲ್ಲಿ ಅವರೆ ಬಳ್ಳಿ ಸರಿಪಡಿಸುತ್ತಿದ್ದಳು. ನಾನೂ ಸೆರಗು ಸಿಕ್ಕಿಸಿಕೊಂಡು ಕೈಹಾಕಿದೆ. ಕೆ.ಆರ್. ನಗರದ ಕಥೆ ಹೇಳಿದೆ. ಕಾಳು ಬೂಸ್ಟು ಹಿಡಿದದ್ದು ಕೇಳಿ ಅವ್ವ ಹಣೆ ಚಚ್ಚಿಕೊಂಡಳು.

"ಅವ್ವ, ನೀನು ಹೇಳಿಕೊಟ್ಟಿದ್ದನ್ನ ಎಲ್ಲಾರೂ ಓದೋ ಹಾಗೆ ಇಡ್ತೀನಿ. ಕಂಪನಿಯವರೂ ಓದಬಹುದು. ಆಗಬಹುದಾ?"

"ಇಷ್ಟ್ ವರ್ಸ ಯಾರ್ ಓದಿದ್ರು?"

"ದುಡ್ಡು ಕೊಟ್ಟವರು. ದೊಡ್ಡ ಯೂನಿವರ್ಸಿಟಿಯವರು, ಕಂಪನಿಯವರು."

"ಅಂಗಾರೆ ಅವ್ರು ಆಗ್ಲೇ ಓದವ್ರೆ. ಓದ್ದೆ ಇರೋರು ನಾವೇಯ."

ಆಮೇಲೆ ಆಕೆಗೆ ಕುತೂಹಲ ಹುಟ್ಟಿತು. ಬರೆದದ್ದಕ್ಕೆ ನಿನಗೆ ಏನು ಕೊಟ್ಟರು ಎಂದು ಕೇಳಿದಳು. ಏನೂ ಕೊಡುವುದಿಲ್ಲ ಎಂದೆ. ಬರೆದದ್ದು ಸರಿಯೋ ತಪ್ಪೋ ನೋಡುವವರು ಯಾರು ಎಂದಳು. ನನ್ನಂಥ ಮೇಷ್ಟ್ರುಗಳೇ, ನನ್ನದನ್ನು ಯಾರೋ ಓದಿ ತಿದ್ದುತ್ತಾರೆ, ಇನ್ಯಾರದೋ ಬರಹ ನನ್ನ ಹತ್ತಿರ ಬರುತ್ತದೆ, ನಾನು ಭಾನುವಾರ ಕೂತು ಓದಿ ಕೊಡುತ್ತೇನೆ, ಅದಕ್ಕೂ ಕೂಲಿ ಇಲ್ಲ ಎಂದೆ.

"ಅಂದ್ರೆ ಮುಯ್ಯಿ."

"ಮುಯ್ಯಿನೇ ಅಂತ ಇಟ್ಕೋ."

"ಉಳೋಳೂ ನೀನು, ಕಳೆ ಕೀಳೋರೂ ನಿನ್ನಂತೋರು. ಮತ್ತೆ ಕಣಕ್ ಬಂದು ರಾಶಿ ತುಂಬ್ಕಂಡ್ ಓಗೋನ್ ಯಾರು? ಅವ್ನ್ ಯಾವತ್ತು ನಿಮ್ ವೊಲಕ್ ಬಂದಿದ್ದ?"

ಇಪ್ಪತ್ತು ವರ್ಷ ಈ ಕೆಲಸದಲ್ಲಿದ್ದೇನೆ, ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅವ್ವ ಬಳ್ಳಿಯ ಕಡೆ ತಿರುಗಿ, "ಆಕು ಆಕು, ಎಲ್ರೂ ಓದ್ಲಿ. ನಂಗೂ ಒಂದ್ ಸಲ ಓದೇಳು" ಎಂದಳು. ಓದುತ್ತೇನೆ ಎಂದೆ. ಆರು ವರ್ಷದಲ್ಲಿ ಒಂದು ಸಲವೂ ಓದಿ ಹೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು.

ನಮ್ಮ ಕಾಲೇಜಿನ ಜಾಲತಾಣದಲ್ಲಿ ವಾರ್ಷಿಕೋತ್ಸವದ ಫೋಟೋಗಳು, ಪ್ರಾಂಶುಪಾಲರ ಸಂದೇಶ, ಹಳೆಯ ವೇಳಾಪಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಅಧ್ಯಾಪಕರ ಬರಹಗಳಿಗೆ ಒಂದು ಪುಟ ಬೇಕು ಎಂದು ಅರ್ಜಿ ಕೊಟ್ಟೆ. ಪ್ರಾಂಶುಪಾಲರು ಒಳ್ಳೆಯವರು, ಆದರೆ ಕೋರ್ಟು ಎಂಬ ಪದಕ್ಕೆ ಬೆವರುವವರು. "ನಾಳೆ ಅವ್ರು ನೋಟಿಸ್ ಕಳಿಸಿದ್ರೆ ಯಾರಮ್ಮ ಹೊಣೆ?" ಎಂದರು. ನಾಲ್ಕನೇ ಪುಟವನ್ನು ಕನ್ನಡಕ್ಕೆ ಮಾಡಿ, ಕೆಂಪು ಗೆರೆ ಎಳೆದು, ಹೊಣೆ ನನ್ನದು ಎಂದು ಬರೆದು ಸಹಿ ಹಾಕಿ ಕೊಟ್ಟೆ. ಒಂದು ವಾರ ಮೇಜಿನ ಮೇಲಿತ್ತು. ಎರಡನೇ ವಾರದಿಂದ ನಾನು ದಿನವೂ ಬೆಳಿಗ್ಗೆ ಅವರ ಕೊಠಡಿಯ ಮುಂದಿನ ಬೆಂಚಿನ ಮೇಲೆ ಹೋಗಿ ಕೂರತೊಡಗಿದೆ. ಮಾತಾಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದೆ. ಐದನೇ ದಿನ ಸಹಿ ಬಿತ್ತು.

ಅದೇ ಹೊತ್ತಿಗೆ ಕನ್ನಡಕ್ಕೆ ಮಾಡುವ ಕೆಲಸವೂ ನಡೆದಿತ್ತು. ನನ್ನದೇ ಇಂಗ್ಲಿಷು ವಾಕ್ಯಗಳು ಕನ್ನಡಕ್ಕೆ ಬರಲು ಒಪ್ಪಲಿಲ್ಲ. ಅರ್ಧ ವಾಕ್ಯಗಳಲ್ಲಿ ಹೇಳಿದ್ದೇ ಏನೂ ಇರಲಿಲ್ಲ, ಬರೀ ಠೀವಿ. ಹನ್ನೆರಡು ಪುಟ ಐದು ಪುಟಕ್ಕೆ ಇಳಿಯಿತು. ಆ ನಡುವೆ ಅದೇ ಜರ್ನಲ್‌ನಿಂದ ಒಂದು ಬರಹವನ್ನು ಪರಿಶೀಲಿಸಿ ಕೊಡಿ ಎಂದು ಕೋರಿಕೆ ಬಂತು. ಎಲ್ಲರೂ ಓದುವಂತೆ ಇಡುವ ಕಡೆಗಷ್ಟೇ ಇನ್ನು ಮೇಲೆ ನನ್ನ ಭಾನುವಾರ ಎಂದು ಎರಡು ಸಾಲು ಬರೆದು ಕಳಿಸಿದೆ. ಯಂತ್ರ ಧನ್ಯವಾದ ಹೇಳಿತು.

ಜಾಲತಾಣಕ್ಕೆ ಹಾಕುವ ಮುನ್ನ ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತು. ಮಾರ್ಗಶಿರದ ಒಂದು ಭಾನುವಾರ ಅವ್ವನನ್ನು ಜೊತೆಗೆ ಕರೆದುಕೊಂಡು ಆ ಕಾಲುವೆ ಊರಿಗೆ ಹೋದೆ. ಬದುವಿನ ಮೇಲಿನ ಅವರೆ ಕಾಯಿ ಬಲಿಯುತ್ತಿತ್ತು, ಎರಡು ವಾರದಲ್ಲಿ ಕಿತ್ತು ಒಣಗಿಸುವ ಕೆಲಸ. ಒಬ್ಬರ ಮನೆಯ ಜಗಲಿಯಲ್ಲಿ ಹನ್ನೊಂದು ಹೆಂಗಸರೂ ಸೇರಿದ್ದರು. ಒಲೆ ಮೇಲೆ ಗಂಟು ಕಟ್ಟಿದ್ದ ಹಿರಿಯಾಕೆ ಮುಂದೆಯೇ ಕೂತು, ಈ ಮೇಡಮ್ಮನವರನ್ನು ಇನ್ನೂ ನಂಬಿಲ್ಲ ಎನ್ನುವುದು ಗೊತ್ತಾಗುವಂತೆ ನೋಡುತ್ತಿದ್ದರು. ನನ್ನ ಹತ್ತಿರ ಬಂದಿದ್ದಾಕೆ ಕಂಬಕ್ಕೆ ಒರಗಿ ನಿಂತಿದ್ದರು. ಸಾಲು ಸಾಲಾಗಿ ಓದಿದೆ. ಯಾವ ಬೂದಿ, ಎಷ್ಟು, ಸೊಪ್ಪು ಯಾವಾಗ ಕೀಳಬೇಕು. ಮೂರನೇ ಭಾಗಕ್ಕೆ ಬಂದೆ. "ಬೂದಿ ಬೆರೆಸುವ ಮೊದಲು ಕಾಳನ್ನು ಮೂರು ದಿನ ಬಿಸಿಲಿಗೆ ಹರಡಬೇಕು."

"ಯಾರ್ ಏಳಿದ್ದು ಮೂರ್ ದಿನ ಅಂತ?" ಅವ್ವನ ಗಂಟಲು.

"ನೀನೇ ಅಲ್ವಾ ಅವ್ವ."

"ನಾನ್ಯಾವತ್ತು ದಿನ ಎಣ್ಸಿದ್ದೀನಿ? ಕಚ್ ನೋಡು ಅಂದೆ. ಕಾಳ್ನ ಹಲ್ಲಿಗಿಟ್ಟು ಕಚ್ಚುದ್ರೆ ಪಟ್ ಅಂತ ಎಲ್ಡಾಗ್ಬೇಕು. ಹಲ್ಲಿನ್ ಗುರ್ತು ಬಿತ್ತು ಅಂದ್ರೆ ಇನ್ನಾ ಹಸಿ. ಎಲ್ಡ್ ದಿನಕ್ಕೂ ಆಗ್ಬೋದು, ಏಳ್ ದಿನಕ್ಕೂ ಆಗ್ಬೋದು." ಆಕೆ ಅಂಗಳದ ಮಣ್ಣು ಮುಟ್ಟಿ ನೋಡಿ, ಕಾಲುವೆಯ ಕಡೆ ಕೈತೋರಿಸಿದಳು. "ಇಲ್ ನೋಡು, ಒತ್ತಾರೆ ಇಬ್ನಿ ಇನ್ನೂ ಆರಿಲ್ಲ. ಈ ಊರಲ್ಲಿ ಮೂರ್ ದಿನಕ್ಕೆ ಏನ್ ಒಣಗೀತು? ನಮ್ದು ಕೆಮ್ಮಣ್ ಸೀಮೆ ಕಣವ್ವ, ನಮ್ಗೆ ಸಾಕಾಯ್ತಿತ್ತು."

ನನಗೆ ಎಲ್ಲವೂ ಒಮ್ಮೆಲೇ ನೆನಪಾಯಿತು. ನಾನು ಮೊದಲು ಬರೆದಿದ್ದು ಹಲ್ಲಿನ ವಿಚಾರವೇ. ಪರಿಶೀಲನೆ ಮಾಡಿದ ಒಬ್ಬರು, ಕಚ್ಚಿ ನೋಡುವುದು ಅಳತೆಯಲ್ಲ, ಒಂದು ಸಂಖ್ಯೆ ಕೊಡಿ ಎಂದು ಕೇಳಿದ್ದರು. ತೇವ ಅಳೆಯುವ ಯಂತ್ರ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ನೋಟ್‌ಬುಕ್ಕು ತೆಗೆದು ನೋಡಿದರೆ ಅವ್ವನ ಅಂಗಳದಲ್ಲಿ ಮೂರು ವರ್ಷವೂ ಮೂರೇ ದಿನಕ್ಕೆ ಒಣಗಿತ್ತು. ಮೂರು ಎಂದು ಬರೆದೆ, ಹಲ್ಲನ್ನು ಅಳಿಸಿದೆ. ಒಪ್ಪಿಗೆ ಬಂತು. ಮೈಸೂರುಪಾಕು ಹಂಚಿದೆ.

ಕಂಬಕ್ಕೆ ಒರಗಿದ್ದಾಕೆ ನಿಧಾನವಾಗಿ ಕೇಳಿದರು. "ಅಂದ್ರೆ ಮೇಡಮ್, ಆ ಬೀಗ ಇಲ್ದೆ ಪೂರ್ತಿ ಓದಿದ್ರೂ ನಮ್ ಬೀಜ ಉಳೀತಿರ್ಲಿಲ್ಲ."

"ಇಲ್ಲ," ಎಂದೆ.

ಐದು ತಿಂಗಳು ಆ ಬೀಗವನ್ನು ಬೈದುಕೊಂಡು ತಿರುಗಿದ್ದೆ. ತಪ್ಪು ಬೀಗದ ಒಳಗೇ ಇತ್ತು, ಇಟ್ಟವಳು ನಾನು. ಅದನ್ನು ಕೇಳಿದ ತಕ್ಷಣ ಹಿಡಿಯಬಲ್ಲ ಒಬ್ಬಳೇ ಒಬ್ಬಳು ನನ್ನ ಮನೆಯಿಂದ ಎರಡು ಬಸ್ಸಿನ ದೂರದಲ್ಲಿದ್ದಳು, ಆರು ವರ್ಷ ಅವಳ ಕಿವಿಗೆ ಆ ವಾಕ್ಯ ಬಿದ್ದಿರಲಿಲ್ಲ. ಇಂಗ್ಲಿಷು ಬಲ್ಲ, ಹಣ ಕಟ್ಟಬಲ್ಲ ಎಲ್ಲರೂ ಓದಿ ತಲೆಯಾಡಿಸಿದ್ದರು. ನನಗೆ ನಾಚಿಕೆಯಾಯಿತು, ಅಷ್ಟು ಜನರ ಎದುರಿಗೇ ಕಣ್ಣಲ್ಲಿ ನೀರು ಬಂತು.

"ಅಳೋದು ಆಮ್ಯಾಕೆ ಮೇಡಮ್," ಎಂದರು ಆಕೆ, ಪೆನ್ನು ಮುಂದೆ ಚಾಚಿ. "ಮೊದ್ಲು ತಿದ್ರಿ. ನಮ್ ಹತ್ ಮನೆ ಬೀಜ ಹಾಳಾದ್ದೂ ಅದ್ರಲ್ಲಿ ಬರೀರಿ. ಯಾಕ್ ಹಾಳಾಯ್ತು ಅಂತಾನೂವೆ."

ತಿದ್ದಿದೆ. ಅವ್ವ ಹಿರಿಯಾಕೆಯ ಮನೆಯಿಂದ ಸ್ವಲ್ಪ ಹಳೆಯ ಕಾಳು, ಸ್ವಲ್ಪ ಹಸಿಕಾಳು ತರಿಸಿ, ಒಬ್ಬೊಬ್ಬರ ಬಾಯಿಗೂ ಎರಡೂ ಕೊಟ್ಟು ಕಚ್ಚಿಸಿದಳು. ಹಲ್ಲಿಲ್ಲದ ಒಬ್ಬಾಕೆ ತಾನೇನು ಮಾಡಲಿ ಎಂದಾಗ, "ಸೊಸೇಗ್ ಕೊಡು, ಕಚ್ಚಾಕೆ ಏನ್ ದಾಡಿ" ಎಂದಳು. ಜಗಲಿಗೆ ಆಗ ಸ್ವಲ್ಪ ನಗು ಬಂತು. ನಾನು ಎಲ್ಲವನ್ನೂ ಬರೆದುಕೊಂಡೆ.

ಆ ವಾರವೇ ತಿದ್ದಿದ ಕನ್ನಡ ಬರಹವನ್ನೂ ಇಂಗ್ಲಿಷು ಕಡತವನ್ನೂ ಕಾಲೇಜಿನ ಪುಟಕ್ಕೆ ಹಾಕಿದೆ. ಇಂಗ್ಲಿಷಿನ ತಲೆಯ ಮೇಲೆ ಈ ತಪ್ಪು ಏನು ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಜರ್ನಲ್‌ಗೂ ತಿದ್ದುಪಡಿ ಕಳಿಸಿದೆ. ಆಗ ಗೊತ್ತಾದದ್ದು, ಅವರಲ್ಲಿ ಪ್ರಬಂಧಕ್ಕೆ ಬೀಗ, ತಿದ್ದುಪಡಿಗೆ ಬೀಗವಿಲ್ಲ. ಯಾರು ಬೇಕಾದರೂ ಓದಬಹುದು. ಸರಿ, ತಿದ್ದುಪಡಿಯಲ್ಲೇ ಇಡೀ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಬರೆದೆ, ಹಲ್ಲಿನ ಸಮೇತ. ಒಂದು ವಾಕ್ಯಕ್ಕೆ ಇಳಿಸಿ ಎಂದರು. ಅರ್ಧ ಕ್ರಮ ಓದಿ ಹತ್ತು ಮನೆಯ ಬೀಜ ಹೋಗಿದೆ, ಇಳಿಸುವುದಿಲ್ಲ ಎಂದೆ. ಮೂರು ಪತ್ರ ಓಡಾಡಿದವು. ನಾಲ್ಕನೆಯದಕ್ಕೆ ಒಪ್ಪಿದರು. ತಪ್ಪು ಕಂಡುಹಿಡಿದವರ ಸಂಸ್ಥೆ ಯಾವುದು ಎಂಬ ಜಾಗವನ್ನು ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಸ್ವಂತ ಜಮೀನು ಅಂತ ಬರಿ" ಎಂದಳು. ಹಾಗೇ ಬರೆದೆ, ಹಾಗೇ ಅಚ್ಚಾಗಿದೆ.

ಕಾಲುವೆ ಊರಿನಲ್ಲಿ ಆ ಸಲ ಕಾಳು ಹಲ್ಲಿಗೆ ಪಟ್ಟೆಂದದ್ದು ಆರನೇ ದಿನ. ಎರಡು ಮನೆಯಲ್ಲಿ ಎಂಟು ದಿನ ಹಿಡಿಯಿತು. ಮಡಕೆ ಮುಚ್ಚಿದರು. ಆಮೇಲಿನ ತಿಂಗಳುಗಳಲ್ಲಿ ನಾನು ಫೋನ್ ಮಾಡಿ ಕೇಳಲಿಲ್ಲ; ಕೇಳುವ ಧೈರ್ಯ ಇರಲಿಲ್ಲ. ಆ ದಿನಗಳಲ್ಲಿ ಕಾಲುವೆ ಸೀಮೆಯ ಬೀಜದ ಬಗ್ಗೆ ಹೊಸ ಬರಹವೊಂದನ್ನು ಶುರುಮಾಡಿದೆ. ಮೇಷ್ಟರುಗಳೇ ಸೇರಿ ನಡೆಸುವ, ಬರೆಯುವವರಿಂದಲೂ ಓದುವವರಿಂದಲೂ ಏನೂ ಕೇಳದ ಜರ್ನಲ್ ಒಂದಿದೆ. ಅದಕ್ಕೆ ಬಡ್ತಿಯ ಅಂಕ ಕಡಿಮೆ. ಕಡಿಮೆಯಾದರೆ ಆಗಲಿ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಬಿತ್ತನೆ ಶುರುವಾದ ಒಂದು ಸಂಜೆ ಆಕೆಯೇ ಫೋನ್ ಮಾಡಿದರು. "ಹನ್ನೊಂದು ಮನೇಲೂ ಮಡ್ಕೆ ತೆಗುದ್ವಿ ಮೇಡಮ್. ಕಾಳು ಚೆನ್ನಾಗದೆ. ನೆನೆಹಾಕಿ ನೋಡುದ್ವಿ, ಮೊಳಕೆ ಬಂತು ಕಣ್ರೀ." ಹಿಂದೆ ನಾಲ್ಕಾರು ಜನ ಒಟ್ಟಿಗೆ ಮಾತಾಡುವ ಸದ್ದು. ನಿಮ್ಮೂರಿನದ್ದನ್ನು ಬರೆದು ಮುಗಿಸಿದ್ದೇನೆ, ಕಳಿಸುವುದೊಂದು ಬಾಕಿ ಎಂದೆ.

"ಕಳ್ಸಿಬುಟ್ರಾ?"

"ಇಲ್ಲ. ನೀವೆಲ್ಲ ಕೇಳಿದ ಮೇಲೆ."

"ಇರಿ, ಸ್ಪೀಕರ್ಗೆ ಆಕ್ತೀನಿ. ಹ್ಞೂಂ, ಈಗ ಓದ್ರಿ."

ಮೊದಲ ಸಾಲಿನಿಂದ ಶುರುಮಾಡಿದೆ. ಎರಡನೇ ಪ್ಯಾರಾ ಮುಗಿಯುವ ಮೊದಲೇ ಆ ಕಡೆಯಿಂದ ಯಾರೋ ಒಬ್ಬರು, "ನಿಲ್ಸಿ, ಅದು ಅಂಗಲ್ಲ" ಎಂದರು.